ವ್ಯಾಯಾಮಕ್ಕೆಂದೇ ಬಿಡುವು ಕಾಯುವುದನ್ನು ಬಿಟ್ಟ ಮೇಲೆ

ಎಷ್ಟೋ ವರ್ಷ ನನ್ನ ದಿನಚರಿಯಲ್ಲಿ ವ್ಯಾಯಾಮಕ್ಕೆ ಮೀಸಲಾದ ಒಂದು ಗಂಟೆ ಕಾಗದದ ಮೇಲಷ್ಟೇ ಇತ್ತು. ಬೆಳಗ್ಗೆ ಐದೂವರೆಗೆ ಏಳಬೇಕೆಂದು ನಿಶ್ಚಯಿಸಿ, ನಾಲ್ಕು ದಿನ ಎದ್ದು, ಐದನೆಯ ದಿನ ಕೆಲಸ ಮುಗಿಯುವುದು ತಡವಾಗಿ ಏಳಲಾರದೆ, ಆರನೆಯ ದಿನ ಆ ಒಂದು ದಿನ ತಪ್ಪಿದ ಬೇಸರದಲ್ಲಿ ಇಡೀ ನಿಶ್ಚಯವನ್ನೇ ಕೈಬಿಡುತ್ತಿದ್ದೆ. ಇದಕ್ಕೆಲ್ಲ ಸೋಮಾರಿತನವೇ ಕಾರಣವೆಂದು ಆಗ ಅನ್ನಿಸುತ್ತಿತ್ತು. ಈಗ ಯೋಚಿಸಿದರೆ, ದಿನದ ಬೇರೆ ಯಾವ ಕೆಲಸಕ್ಕೂ ಅಂಟಿಕೊಳ್ಳದೆ ಒಂಟಿಯಾಗಿ ನಿಂತಿದ್ದ ಆ ಗಂಟೆ ಸಣ್ಣ ಅಡಚಣೆಯನ್ನೂ ತಾಳುವಂತಿರಲಿಲ್ಲ ಎನ್ನುವುದು ಸ್ಪಷ್ಟವಾಗುತ್ತದೆ.

ನನ್ನ ಯೋಚನೆಯ ದಿಕ್ಕು ಬದಲಿಸಿದ್ದು ಹಳೆಯದೊಂದು ಅಧ್ಯಯನ. 1953ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿ ಬರೆದಿದ್ದರು. ದಿನವಿಡೀ ಕುಳಿತೇ ಇರುತ್ತಿದ್ದ ಚಾಲಕರಿಗಿಂತ, ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ ನಿರ್ವಾಹಕರಲ್ಲಿ ಹೃದಯದ ಕಾಯಿಲೆ ಕಡಿಮೆಯಿತ್ತು. ಚಾಲಕರ ಸಮವಸ್ತ್ರದ ಸೊಂಟದಳತೆ ಮೊದಲಿನಿಂದಲೇ ದೊಡ್ಡದಿತ್ತೆಂದು ಮಾರಿಸ್ ಅವರೇ ಆಮೇಲೆ ಗುರುತಿಸಿದ್ದರಿಂದ, ಆ ವ್ಯತ್ಯಾಸವನ್ನೆಲ್ಲ ಮೆಟ್ಟಿಲುಗಳ ಲೆಕ್ಕಕ್ಕೇ ಹಾಕುವಂತಿಲ್ಲ. ಆದರೂ ನನ್ನ ಮನಸ್ಸಿನಲ್ಲಿ ಉಳಿದದ್ದು ಇಷ್ಟು: ಆ ನಿರ್ವಾಹಕರು ವ್ಯಾಯಾಮ ಮಾಡುತ್ತಿದ್ದೇವೆಂದು ಎಂದೂ ಅಂದುಕೊಂಡಿರಲಿಕ್ಕಿಲ್ಲ, ಅವರ ಕೆಲಸದೊಳಗೇ ಅದು ಬೆರೆತುಹೋಗಿತ್ತು.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನು, ಇಲ್ಲವೇ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನು ಸೂಚಿಸುತ್ತದೆ. ಈ ಅಂಕಿಗಳು ಹಲವರಿಗೆ ಗೊತ್ತು. ಒಂದೇ ಸಮನೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂದು 2010ರ ಸೂಚನೆಯಲ್ಲಿದ್ದ ನಿಯಮವನ್ನು 2020ರಲ್ಲಿ ಕೈಬಿಟ್ಟದ್ದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ನನಗಂತೂ ಇದು ದೊಡ್ಡ ಬಿಡುಗಡೆಯಾಗಿತ್ತು, ಏಕೆಂದರೆ ಎರಡು ನಿಮಿಷದ ಏರುಮೆಟ್ಟಿಲೂ ಮೂರು ನಿಮಿಷದ ಬಿರುಸು ನಡಿಗೆಯೂ ಲೆಕ್ಕಕ್ಕೆ ಸೇರುತ್ತವೆಂದ ಮೇಲೆ, ಬಿಡುವಿಲ್ಲವೆಂಬ ಮಾತಿಗೆ ಹೆಚ್ಚು ಆಧಾರ ಉಳಿಯಲಿಲ್ಲ. ದಿನಕ್ಕೆ 10,000 ಹೆಜ್ಜೆಯ ಗುರಿಗೂ ನಾನು ಹೆಚ್ಚು ತಲೆಕೊಡುವುದಿಲ್ಲ. ಅದು ಹುಟ್ಟಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ, ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿನ ಒಂದು ಸಾಧನದಿಂದ.

ಈಗ ನಾನು ಮಾಡುವುದು, ಹೇಗೂ ತಪ್ಪದ ಕೆಲಸಗಳಿಗೆ ಚಲನೆಯನ್ನು ಗಂಟುಹಾಕುವುದು. ಫೋನ್ ಬಂದರೆ ಎದ್ದು ನಡೆಯುತ್ತಲೇ ಮಾತನಾಡುತ್ತೇನೆ. ಹಲ್ಲುಜ್ಜುವಾಗ ಮೊದಲರ್ಧ ಬಲಗಾಲಿನ ಮೇಲೆ, ಉಳಿದರ್ಧ ಎಡಗಾಲಿನ ಮೇಲೆ ನಿಲ್ಲುತ್ತೇನೆ. ಮೊದಲ ವಾರ ಎಡಪಾದ ಅತ್ತಿತ್ತ ನಡುಗಿ, ಬೆರಳುಗಳು ನೆಲವನ್ನು ಹಿಡಿಯಲು ಹವಣಿಸುತ್ತಿದ್ದವು; ತಿಂಗಳೊಪ್ಪತ್ತಿನಲ್ಲಿ ಗೋಡೆಗೆ ಕೈಕೊಡುವ ಅಗತ್ಯ ತಪ್ಪಿತು. ಊಟವಾದ ಮೇಲೆ ಹತ್ತು ನಿಮಿಷ ನಡೆಯುತ್ತೇನೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿಗಾಗಿ ಕಾಯದೆಯೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬಲ್ಲದು, ಆದ್ದರಿಂದ ಸಕ್ಕರೆ ಏರುವ ಆ ಹೊತ್ತಿನ ನಡಿಗೆಗೆ ವಿಶೇಷ ಬೆಲೆಯಿದೆ. ನಾಲ್ಕು ಮಹಡಿಯವರೆಗೆ ಲಿಫ್ಟ್ ಬಳಸುವುದಿಲ್ಲ. ಶ್ರಮ ಸಾಲುತ್ತಿದೆಯೇ ಎಂದು ತಿಳಿಯಲು ಯಂತ್ರವೂ ಬೇಡ: ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎನ್ನುವಷ್ಟು ಉಸಿರೇರಿದ್ದರೆ ಅದು ಸಾಧಾರಣ ಶ್ರಮ, ನಾಲ್ಕು ಪದಕ್ಕೊಮ್ಮೆ ಉಸಿರೆಳೆದುಕೊಳ್ಳಬೇಕಾದರೆ ತೀವ್ರ ಶ್ರಮ.

ಇಷ್ಟರಿಂದಲೇ ಎಲ್ಲವೂ ಆಯಿತೆಂದು ನಾನು ಹೇಳಲಾರೆ. ನಡಿಗೆ ಎಷ್ಟೇ ಇದ್ದರೂ ತೋಳು, ಬೆನ್ನು, ತೊಡೆಗಳ ಬಲ ಅದರಿಂದ ಸಾಕಷ್ಟು ಬೆಳೆಯುವುದಿಲ್ಲ. ವಯಸ್ಸಾದಂತೆ ಸ್ನಾಯು ತಾನಾಗಿ ಕರಗುತ್ತ ಹೋಗುವುದರಿಂದ, ವಾರಕ್ಕೆ ಎರಡು ದಿನವಾದರೂ ದೇಹದ ಮುಖ್ಯ ಸ್ನಾಯುಗಳಿಗೆಲ್ಲ ಬಲದ ಕೆಲಸ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಸೂಚನೆ ಹೇಳುತ್ತದೆ. ಇದನ್ನೂ ನಾನು ನೀರು ಕಾಯುವ ಹೊತ್ತಿಗೆ ಜೋಡಿಸಿಕೊಂಡಿದ್ದೇನೆ: ಹದಿನೈದು ಬಸ್ಕಿ, ಗೋಡೆಗೆ ಕೈಯೂರಿ ಹನ್ನೆರಡು ದಂಡ, ಮತ್ತೊಮ್ಮೆ ಅದೇ. ಬಸ್ಕಿಯಲ್ಲಿ ಎಣಿಕೆಗಿಂತ ಇಳಿಯುವ ವೇಗವನ್ನು ಗಮನಿಸಬೇಕು. ಹಿಮ್ಮಡಿಯನ್ನು ನೆಲದಿಂದ ಎತ್ತದೆ, ಮೂರು ಎಣಿಸುವಷ್ಟು ನಿಧಾನವಾಗಿ ಇಳಿದರೆ ಹತ್ತಕ್ಕೇ ತೊಡೆ ಬಿಸಿಯಾಗುತ್ತದೆ. ಎದೆನೋವು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕಾಣಲೇಬೇಕು.

ಕಳೆದ ತಿಂಗಳು ಜ್ವರದಿಂದ ಒಂಬತ್ತು ದಿನ ಎಲ್ಲವೂ ನಿಂತಿತ್ತು. ಹಿಂದಾದರೆ ಮತ್ತೆ ಆರಂಭಿಸಲು ಮುಂದಿನ ತಿಂಗಳ ಒಂದನೆಯ ತಾರೀಖಿಗಾಗಿ ಕಾಯುತ್ತಿದ್ದೆ. ಈ ಸಲ ಹತ್ತನೆಯ ದಿನ ಮಧ್ಯಾಹ್ನ ಫೋನ್ ಸದ್ದಾಯಿತು. ಎತ್ತಿಕೊಂಡು ಮಾತನಾಡುತ್ತಿದ್ದವನು ಆಗಲೇ ಎದ್ದು ಬಾಗಿಲವರೆಗೆ ನಡೆದಿದ್ದೆ.