ಅಪ್ಪನ ಜಿಮೇಲ್ ತುಂಬಿತು

ಅಪ್ಪನಿಗೆ ಮೇಲ್ ಬರುವುದೇ ನಿಂತಿತ್ತು. ಪಿಂಚಣಿ ವಿಷಯದ ಮೇಲ್ ತಪ್ಪಿಹೋದರೆ ಅಂತ ಅವರಿಗೆ ಚಿಂತೆ. ನೋಡಿದರೆ ಜಾಗ ತಿಂದಿದ್ದು ಮೇಲ್‌ಗಳಲ್ಲ, ಮೊಮ್ಮಗಳ ವಿಡಿಯೋಗಳು! ಉಚಿತವಾಗಿ ಸಿಗುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. 2021ರ ಜೂನ್‌ಗೆ ಮುಂಚೆ ಗುಣಮಟ್ಟ ಸ್ವಲ್ಪ ಇಳಿಸಿದ ಫೋಟೋಗಳು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈಗ ಹಾಕುವುದೆಲ್ಲ ಬರುತ್ತದೆ.

15 ಜಿಬಿ ಕಡಿಮೆಯೇನಲ್ಲ ಬಿಡಿ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ 1996ರಲ್ಲಿ ಶುರು ಮಾಡಿದ ಹಾಟ್‌ಮೇಲ್‌ನಲ್ಲಿ 2004ರಲ್ಲೂ ಉಚಿತ ಜಾಗ ಬರೀ 2 ಎಂಬಿ ಇತ್ತು. ಆ ವರ್ಷ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಡುತ್ತೇವೆ ಎಂದಾಗ ಎಷ್ಟೋ ಜನ ಏಪ್ರಿಲ್ ಫೂಲ್ ಅಂದುಕೊಂಡರು.

ಹೊಸ ಖಾತೆ ತೆರೆಯೋಣ ಅಂದರು ಅಪ್ಪ. ನಾನು ಒಪ್ಪಲಿಲ್ಲ. ಬ್ಯಾಂಕು, ಎಲ್ಐಸಿ, ಪಾಸ್‌ಪೋರ್ಟ್ ಎಲ್ಲಕ್ಕೂ ಇದೇ ವಿಳಾಸ ಕೊಟ್ಟಿದ್ದಾರೆ ಅಲ್ವಾ? ವಿಡಿಯೋಗಳನ್ನು ಹಾರ್ಡ್‌ಡಿಸ್ಕ್‌ಗೆ ಇಳಿಸಿಕೊಂಡು, ಅಲ್ಲಿ ಅಳಿಸಿದೆ. ದೊಡ್ಡ ಅಟ್ಯಾಚ್‌ಮೆಂಟ್ ಇರುವ ಮೇಲ್‌ಗಳನ್ನೂ ತೆಗೆದೆ. ಟ್ರ್ಯಾಶ್ ಖಾಲಿ ಮಾಡುವುದನ್ನು ಮಾತ್ರ ಮರೆಯಬೇಡಿ. ಅದರಲ್ಲಿರುವುದೂ ಲೆಕ್ಕಕ್ಕೆ ಸೇರುತ್ತದೆ.