ಓಡುತ್ತಲೇ ಬಂದ್ ಬೀಳುತ್ತಿದ್ದ ಗಾಡಿ

ಕಳೆದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಗದಗದಿಂದ ಹುಬ್ಬಳ್ಳಿಗೆ ಮರಳುತ್ತಿದ್ದಾಗ, ಅಣ್ಣಿಗೇರಿ ದಾಟಿ ಶಿರಗುಪ್ಪಿ ಇನ್ನೂ ಮುಂದಿರುವಂತೆಯೇ, ನಮ್ಮ ಕಾರಿನ ಎಂಜಿನ್ ಯಾವ ಸೂಚನೆಯನ್ನೂ ಕೊಡದೆ ನಿಂತುಹೋಯಿತು. ಕೆಮ್ಮಲಿಲ್ಲ, ಮುಗ್ಗರಿಸಲಿಲ್ಲ, ಹೊಗೆಯುಗುಳಲಿಲ್ಲ. ಯಾರೋ ಸ್ವಿಚ್ ಒತ್ತಿ ದೀಪ ಆರಿಸಿದಂತೆ ಸದ್ದಡಗಿತು. ಗಾಡಿ ಹನ್ನೊಂದು ವರ್ಷದ್ದು, ಪೆಟ್ರೋಲಿನದು, ಕೈಯಿಂದ ಗೇರ್ ಬದಲಿಸುವಂಥದ್ದು. ಎರೆಹೊಲಗಳ ಆ ಬಯಲಿನಲ್ಲಿ ನೆರಳು ಹುಡುಕಿದರೂ ಸಿಗುವುದಿಲ್ಲ. ರಸ್ತೆಯ ಅಂಚಿಗೆ ಗಾಡಿ ಸರಿಸಿ, ಬಾನೆಟ್ ಎತ್ತಿ, ಏನೂ ತಿಳಿಯದೆ ಸುಮಾರು ಅರ್ಧ ಗಂಟೆ ನಿಂತೆ. ಆಮೇಲೆ ಕೀಲಿ ತಿರುವಿದರೆ ಏನೂ ಆಗಿಯೇ ಇಲ್ಲವೆಂಬಂತೆ ಎಂಜಿನ್ ಶುರುವಾಯಿತು.

ಮುಂದಿನ ಮಾತಿಗೆ ಮೊದಲು, ಆ ಕೆಲವು ಕ್ಷಣಗಳಲ್ಲಿ ಮಾಡಬೇಕಾದದ್ದನ್ನು ಹೇಳಿಬಿಡುತ್ತೇನೆ. ಎಂಜಿನ್ ನಿಂತರೂ, ಬ್ರೇಕ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್‌ನಲ್ಲಿ ಎರಡು ಮೂರು ಸಲ ಒತ್ತುವಷ್ಟು ನಿರ್ವಾತ ಉಳಿದಿರುತ್ತದೆ. ಅದನ್ನು ಗಾಬರಿಯಲ್ಲಿ ಪದೇ ಪದೇ ತುಳಿದು ಖರ್ಚು ಮಾಡದೆ ಒಂದೇ ಹದದಲ್ಲಿ ಒತ್ತಿ ಹಿಡಿಯಬೇಕು. ಸ್ಟಿಯರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಗಾಡಿ ಉರುಳುತ್ತಿರುವಾಗ ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುವಿ ಹೊರಗೆ ತೆಗೆಯಬಾರದು, ಏಕೆಂದರೆ ಸ್ಟಿಯರಿಂಗ್ ಲಾಕ್ ಬಿದ್ದರೆ ಗಾಡಿ ನಮ್ಮ ಕೈಯಲ್ಲಿ ಉಳಿಯುವುದಿಲ್ಲ.

ಎರಡನೆಯ ಸಲ ಗಾಡಿ ಕೈಕೊಟ್ಟದ್ದು ಹುಬ್ಬಳ್ಳಿ-ಧಾರವಾಡ ಬೈಪಾಸ್‌ನಲ್ಲಿ, ಹಿಂದೆ ಮುಂದೆ ಲಾರಿಗಳ ಸಾಲಿರುವಾಗ. ಅಲ್ಲಿ ಅರ್ಧ ಗಂಟೆ ಕಾಯುವ ಧೈರ್ಯವಾಗದೆ ಗಾಡಿಯನ್ನು ಎಳೆಸಿಕೊಂಡು ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನ ಹುಡುಗ ಸೆಲ್ಫ್ ಹೊಡೆಯುತ್ತಾ ಪೆಟ್ರೋಲ್ ಪೈಪಿಗೆ ಗೇಜ್ ಹಚ್ಚಿ ನೋಡಿದ. ಇಂಥ ಗಾಡಿಯಲ್ಲಿ 3ರಿಂದ 4 ಬಾರ್ ಒತ್ತಡವಿರಬೇಕಾದಲ್ಲಿ ಮುಳ್ಳು ತೀರ ಕೆಳಗಿತ್ತು. ಸೆಲ್ಫ್ ತಿರುಗುತ್ತಿದ್ದರೂ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್ ಓಡುತ್ತಿರಲಿಲ್ಲ. ಪಂಪ್ ಸತ್ತಿದೆ ಎಂದು ತೀರ್ಪಾಯಿತು. ಹಿಂದಿನ ಸೀಟು ಎತ್ತಿ ಹೊಸ ಪಂಪ್ ಕೂಡಿಸಿದರು, ನಾನು ಏಳು ಸಾವಿರದ ಮೇಲೆ ಎಣಿಸಿಕೊಟ್ಟೆ. ಅಷ್ಟರಲ್ಲಿ ಎಂಜಿನ್ ತಣ್ಣಗಾಗಿತ್ತು, ಆದ್ದರಿಂದ ಮೊದಲ ಸೆಲ್ಫಿಗೇ ಶುರುವಾಯಿತು. ಹೊಸ ಪಂಪಿನ ಕೀರ್ತಿ ಅದಕ್ಕೆ ಸಂದಿತು. ಒಂಬತ್ತು ದಿನಗಳ ನಂತರ, ರಾಯಾಪುರದ ಹತ್ತಿರ, ಅದೇ ಮಧ್ಯಾಹ್ನದ ಹೊತ್ತಿಗೆ ಮೂರನೆಯ ಸಲ ಬಂದ್ ಬಿತ್ತು.

ನಮ್ಮ ಮಾವನವರ ಊರು ಗದಗ. ಬೆಟಗೇರಿಯಲ್ಲಿ ಅವರ ಪರಿಚಯದ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಿಂದ ಎಂಜಿನ್ ಬಿಚ್ಚಿದ ಕೈ ಅವರದು. ಬೇಸಿಗೆಯಲ್ಲಿ ಆ ಗಾಡಿಗಳ ಪೆಟ್ರೋಲ್ ಪಂಪು ಕಾದು, ಪೆಟ್ರೋಲು ಆವಿಯಾಗಿ ಎಂಜಿನ್ ನಿಲ್ಲುತ್ತಿದ್ದುದನ್ನೂ, ಚಾಲಕರು ಪಂಪಿನ ಮೇಲೆ ಒದ್ದೆ ಅರಿವೆ ಹಾಕಿಕೊಂಡು ಊರು ಮುಟ್ಟುತ್ತಿದ್ದುದನ್ನೂ ಅವರು ಹೇಳತೊಡಗಿದರೆ ಚಹಾ ಆರಿಹೋಗುತ್ತದೆ. ನನ್ನ ಕತೆಯನ್ನೆಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಂದ್ ಬೀಳೂಮುಂದ ಆರ್‌ಪಿಎಂ ಮುಳ್ಳು ಹೆಂಗ ಬಿತ್ರಿ?"

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂದು ತೋರಿಸುವ ಆ ಮುಳ್ಳನ್ನು ನಾನು ನೋಡಿರಲಿಲ್ಲ. ಮೂರು ಸಲ ಗಾಡಿ ನಿಂತಿತ್ತು, ಮೂರೂ ಸಲ ನಾನು ಕನ್ನಡಿಯಲ್ಲಿ ಹಿಂದಿನ ಲಾರಿಯನ್ನು ನೋಡುತ್ತಿದ್ದೆ. ಅದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಆದರೆ ರೋಗದ ಅರ್ಧ ಗುರುತು ಮೀಟರ್ ಹಲಗೆಯ ಮೇಲೆ ಆ ಎರಡು ಸೆಕೆಂಡುಗಳಲ್ಲಿ ಬಂದು ಹೋಗುತ್ತಿತ್ತು ಎಂಬುದು ಅವರ ಪ್ರಶ್ನೆಯಿಂದಲೇ ನನಗೆ ತಿಳಿದದ್ದು.

ಅವರು ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಕೈಗೇರಿನ ಗಾಡಿ ಗೇರಿನಲ್ಲಿದ್ದು, ಕ್ಲಚ್ ಒತ್ತದೆ ಇರುವಾಗ, ಎಂಜಿನ್‌ನಲ್ಲಿ ಉರಿ ಆರಿದರೂ ಎಂಜಿನ್ ತಿರುಗುವುದು ನಿಲ್ಲುವುದಿಲ್ಲ. ಉರುಳುವ ಚಕ್ರಗಳೇ ಅದನ್ನು ತಿರುಗಿಸುತ್ತಿರುತ್ತವೆ. ಪೆಟ್ರೋಲು ಸಾಲದೆ ನಿಂತಿದ್ದರೆ, ಸಾಮಾನ್ಯವಾಗಿ ಮೊದಲು ಎಳೆತ ಕುಗ್ಗಿ ಗಾಡಿ ಜಗ್ಗಾಡುತ್ತದೆ, ಆರ್‌ಪಿಎಂ ಮುಳ್ಳು ವೇಗದ ಮುಳ್ಳಿನ ಜೊತೆಜೊತೆಗೇ ನಿಧಾನವಾಗಿ ಇಳಿಯುತ್ತದೆ. ಬ್ಯಾಟರಿಯ ತಂತಿ ಸಡಿಲವಾಗಿಯೋ ಇಗ್ನಿಷನ್ ಸ್ವಿಚ್ ಕೆಟ್ಟೋ ಕರೆಂಟೇ ಹೋಗಿದ್ದರೆ, ಮುಳ್ಳಿನ ಜೊತೆಗೆ ಹಲಗೆಯ ದೀಪಗಳು, ರೇಡಿಯೋ, ಇಂಡಿಕೇಟರ್ ಎಲ್ಲವೂ ಕಪ್ಪಾಗುತ್ತವೆ ಅಥವಾ ಮಿಣುಕಾಡುತ್ತವೆ. ಆದರೆ ದೀಪಗಳೆಲ್ಲ ಸರಿಯಾಗಿದ್ದು, ಗಾಡಿ ಇನ್ನೂ ಅರವತ್ತರ ವೇಗದಲ್ಲಿ ಗೇರಿನಲ್ಲೇ ಓಡುತ್ತಿದ್ದು, ಆರ್‌ಪಿಎಂ ಮುಳ್ಳು ಮಾತ್ರ ಒಮ್ಮೆಲೇ ಸೊನ್ನೆಗೆ ಬಿದ್ದರೆ, ತಿರುಗುತ್ತಿರುವ ಎಂಜಿನ್ ತಿರುಗುತ್ತಿದೆಯೆಂಬ ಸುದ್ದಿ ಎಂಜಿನ್ನನ್ನು ನಡೆಸುವ ಕಂಪ್ಯೂಟರ್‌ಗೆ, ಅಂದರೆ ಇಸಿಯುಗೆ, ಮುಟ್ಟುತ್ತಿಲ್ಲ ಎಂದು ಅರ್ಥ. ಆ ಸುದ್ದಿ ಒಯ್ಯುವುದು ಕ್ರ್ಯಾಂಕ್ ಸೆನ್ಸರ್, ಅಂದರೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ತಿರುಗುವುದನ್ನು ಗುರುತಿಸುವ ಸಾಧನ. ಆಟೋಮ್ಯಾಟಿಕ್ ಗೇರಿನ ಗಾಡಿಗಳಲ್ಲಿ ಚಕ್ರಗಳು ಎಂಜಿನ್ನನ್ನು ಹೀಗೆ ಬಿಗಿಯಾಗಿ ತಿರುಗಿಸುವುದಿಲ್ಲವಾದ್ದರಿಂದ ಈ ಪರೀಕ್ಷೆ ಅಷ್ಟು ಸ್ಪಷ್ಟವಾಗಿ ನಡೆಯದು.

ಫೋನನ್ನು ಸ್ಟಿಯರಿಂಗ್ ಹಿಂದೆ ಮೀಟರಿಗೆ ಮುಖಮಾಡಿ ಟೇಪ್ ಹಚ್ಚಿ ನಿಲ್ಲಿಸಿ, ವಿಡಿಯೋ ಶುರು ಮಾಡಿ, ಸುಡುಬಿಸಿಲಿನ ಹೊತ್ತನ್ನೇ ಆರಿಸಿಕೊಂಡು, ವಾಹನ ಕಡಿಮೆ ಇರುವ ರಸ್ತೆಯಲ್ಲಿ ಎರಡು ದಿನ ತಿರುಗಾಡಿದೆ. ಕೆಡಲಿ ಎಂದು ಹಾರೈಸುತ್ತಾ ಗಾಡಿ ಓಡಿಸಿದ್ದು ಅದೇ ಮೊದಲು. ಎರಡನೆಯ ದಿನ ಅದು ನನ್ನ ಮಾತು ಕೇಳಿತು. ಆ ವಿಡಿಯೋವನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ: ವೇಗ 62, ಆರ್‌ಪಿಎಂ 2400ರ ಸುಮಾರು, ಒಂದೇ ಏಟಿಗೆ ಆರ್‌ಪಿಎಂ ಮುಳ್ಳು ತಳಕ್ಕೆ, ವೇಗದ ಮುಳ್ಳು ಇನ್ನೂ 60ರ ಮೇಲೆ. ಒಂದು ಸೆಕೆಂಡಿನಲ್ಲಿ ಗಾಡಿ ಒಮ್ಮೆ ಎದ್ದುಬಿದ್ದಂತೆ ಜಗ್ಗುತ್ತದೆ, ಮುಳ್ಳು 2100ಕ್ಕೆ ಚಿಮ್ಮಿ ಮತ್ತೆ ಬೀಳುತ್ತದೆ, ಆಮೇಲೆ ಏಳುವುದಿಲ್ಲ. ಇನ್ನೊಂದು ಸಂಗತಿಯನ್ನು ನಾಲ್ಕೈದು ಸಲ ನೋಡಿದ ಮೇಲೆ ಗಮನಿಸಿದೆ. ಮುಳ್ಳು ಸೊನ್ನೆಗೆ ಬಿದ್ದಾಗ ಎಂಜಿನ್ ಆಯಿಲ್ ದೀಪ ಹತ್ತಿರಲಿಲ್ಲ; ನಾನು ಕ್ಲಚ್ ಒತ್ತಿದ ಮೇಲೆಯೇ ಹತ್ತಿತು. ನಮ್ಮ ಗಾಡಿಯಂಥ ಹಳೆಯ ಮಾದರಿಯಲ್ಲಿ ಆ ದೀಪ ನೇರವಾಗಿ ಆಯಿಲ್ ಒತ್ತಡದ ಸ್ವಿಚ್ಚಿಗೆ ಸೇರಿರುತ್ತದೆ, ಆಯಿಲ್ ಪಂಪನ್ನು ತಿರುಗಿಸುವುದು ಕ್ರ್ಯಾಂಕ್. ಅಂದರೆ ಕ್ರ್ಯಾಂಕ್ ತಿರುಗುತ್ತಲೇ ಇತ್ತು, ಒತ್ತಡವೂ ಇತ್ತು, ಮುಳ್ಳು ಮಾತ್ರ ಸುಳ್ಳು ಹೇಳುತ್ತಿತ್ತು.

ಪಂಪಿನ ವಿಷಯದಲ್ಲಿ ನಾವು ಮೋಸಹೋದದ್ದು ಹೇಗೆಂಬುದೂ ಆಗ ಬಗೆಹರಿಯಿತು. ಕೀಲಿ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡು ಗುಂಯ್ ಎಂಬ ಸದ್ದು ಬರುತ್ತದೆಯಲ್ಲ, ಅದು ಪಂಪ್ ಪೈಪಿನಲ್ಲಿ ಒತ್ತಡ ತುಂಬಿಕೊಳ್ಳುವ ಸದ್ದು. ಆಮೇಲೆ ಎಂಜಿನ್ ತಿರುಗುತ್ತಿದೆಯೆಂದು ಕ್ರ್ಯಾಂಕ್ ಸೆನ್ಸರ್ ಹೇಳಿದರಷ್ಟೇ ಇಸಿಯು ಪಂಪಿಗೆ ಕರೆಂಟ್ ಕೊಡುವ ಸ್ವಿಚ್ಚಾದ ರಿಲೇಯನ್ನು ಹಿಡಿದಿಡುತ್ತದೆ; ಇಲ್ಲವಾದರೆ ಪಂಪನ್ನು ನಿಲ್ಲಿಸಿಬಿಡುತ್ತದೆ. ಅಪಘಾತದಲ್ಲಿ ಎಂಜಿನ್ ನಿಂತ ಮೇಲೂ ಪಂಪ್ ಪೆಟ್ರೋಲ್ ಸುರಿಯುತ್ತಿರಬಾರದಲ್ಲ, ಅದಕ್ಕಾಗಿ ಈ ಏರ್ಪಾಡು. ಸೆನ್ಸರ್ ಸತ್ತ ಗಾಡಿಯಲ್ಲಿ ಸೆಲ್ಫ್ ಹೊಡೆಯುತ್ತಾ ನೋಡಿದರೆ ಪಂಪ್ ಓಡುವುದೇ ಇಲ್ಲ, ಕಿಡಿಯೂ ಬರುವುದಿಲ್ಲ. ಗ್ಯಾರೇಜಿನ ಹುಡುಗ ನೋಡಿದ್ದು ಸುಳ್ಳಲ್ಲ. ಪಂಪ್ ಓಡದಿರುವುದಕ್ಕೆ ಅವನು ಕೊಟ್ಟ ಕಾರಣ ಸುಳ್ಳು. ಕೀಲಿ ತಿರುವಿದಾಗಿನ ಆ ಎರಡು ಸೆಕೆಂಡಿನ ಗುಂಯ್ ಸದ್ದನ್ನು ಯಾರಾದರೂ ಕಿವಿಗೊಟ್ಟು ಕೇಳಿದ್ದರೆ, ಇಲ್ಲವೇ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಇದೆಯೇ ಎಂದು ನೋಡಿದ್ದರೆ ಹಿಂದಿನ ಸೀಟು ಎತ್ತುವ ಕೆಲಸವೇ ಬೀಳುತ್ತಿರಲಿಲ್ಲ.

ಇಸಿಯು ಬರೆದಿಟ್ಟ ದೋಷದ ಕೋಡುಗಳನ್ನು ಓದುವ ಓಬಿಡಿ ಸ್ಕ್ಯಾನರ್ ಹಚ್ಚಲಿಲ್ಲವೇ ಎಂದು ಕೇಳಬಹುದು. ಹಚ್ಚಿದ್ದೆ. ಕ್ರ್ಯಾಂಕ್ ಸೆನ್ಸರಿನ ದೋಷಕ್ಕೆ ಪಿ0335, ಪಿ0336 ಎಂಬ ಕೋಡುಗಳಿವೆ. ನನ್ನ ಗಾಡಿಯಲ್ಲಿ ಒಂದೂ ಬರಲಿಲ್ಲ. ಸೆನ್ಸರಿನ ಸುದ್ದಿ ನಿಂತಾಗ, ಚಾಲಕನೇ ಎಂಜಿನ್ ಆರಿಸಿದ್ದಾನೆಂದು ಇಸಿಯು ತಿಳಿದುಕೊಳ್ಳುವ ಸಂಭವವೂ ಇರುತ್ತದೆ. ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲ, ಆದ್ದರಿಂದ ಗಾಡಿಯಲ್ಲಿ ದೋಷವಿಲ್ಲ ಎಂದು ವಾದಿಸುವವರ ಜೊತೆ ನಾನು ಈಗ ಚರ್ಚೆಗೆ ಇಳಿಯುವುದಿಲ್ಲ. ಆ ಸಾಧನದ ನಿಜವಾದ ಉಪಯೋಗ ಕೋಡ್ ಓದುವುದಕ್ಕಿಂತ, ನಿಂತ ಗಾಡಿಗೆ ಸೆಲ್ಫ್ ಹೊಡೆಯುತ್ತಾ ನೇರ ಅಂಕಿಗಳನ್ನು ನೋಡುವುದರಲ್ಲಿದೆ: ಸೆಲ್ಫ್ ತಿರುಗುತ್ತಿರುವಾಗ ಆರ್‌ಪಿಎಂ 200ರ ಆಸುಪಾಸು ತೋರಿಸಬೇಕು, ಸೊನ್ನೆ ತೋರಿಸಿದರೆ ಹುಡುಕಾಟ ಎಲ್ಲಿಂದ ಶುರುವಾಗಬೇಕೆಂದು ಗೊತ್ತಾಯಿತು.

ನಮ್ಮ ಗಾಡಿಯಲ್ಲಿ ಆ ಸೆನ್ಸರ್ ಇರುವುದು ಎಂಜಿನ್ನಿಗೆ ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ, ಎಕ್ಸಾಸ್ಟ್ ಪೈಪಿನಿಂದ ಒಂದು ಗೇಣು ದೂರದಲ್ಲಿ. ಒಳಗಿನ ಹಲ್ಲಿನ ಚಕ್ರದಲ್ಲಿ 60 ಹಲ್ಲುಗಳಿಗೆ ಜಾಗವಿದ್ದು, ಗುರುತಿಗಾಗಿ ಎರಡು ಹಲ್ಲುಗಳನ್ನು ಬಿಟ್ಟಿರುತ್ತಾರೆ. ಉಳಿದ 58 ಹಲ್ಲುಗಳು ಮುಂದೆ ಹಾಯ್ದಂತೆಲ್ಲ ಸೆನ್ಸರಿನ ಒಳಗಿನ ತಾಮ್ರದ ಸುರುಳಿಯಲ್ಲಿ ಸಣ್ಣ ವಿದ್ಯುತ್ ಅಲೆ ಏಳುತ್ತದೆ, ಖಾಲಿ ಜಾಗ ಬಂದಾಗ ಕ್ರ್ಯಾಂಕ್ ಎಲ್ಲಿದೆಯೆಂದು ಇಸಿಯು ಲೆಕ್ಕ ಹಿಡಿಯುತ್ತದೆ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಸುರುಳಿಯ ಕೂದಲೆಳೆಯಷ್ಟು ತೆಳ್ಳಗಿನ ತಂತಿ ಎಲ್ಲೋ ಒಂದೆಡೆ ಸೀಳುತ್ತದೆ. ತಣ್ಣಗಿದ್ದಾಗ ಸೀಳಿನ ತುದಿಗಳು ತಾಗಿಕೊಂಡಿರುತ್ತವೆ, ಬಿಸಿಯಾಗಿ ಹಿಗ್ಗಿದಾಗ ಬಿಡುತ್ತವೆ. ಅರ್ಧ ಗಂಟೆ ನಿಂತರೆ ಗಾಡಿ ತಾನಾಗಿ ಗುಣವಾಗುತ್ತಿದ್ದುದರ ಗುಟ್ಟು ಇಷ್ಟೇ.

ಬಿಚ್ಚಿದ ಸೆನ್ಸರನ್ನು ಮನೆಗೆ ತಂದು, ಮಲ್ಟಿಮೀಟರಿನ ಎರಡು ಕಡ್ಡಿ ಹಚ್ಚಿ, ಮಗಳ ಹೇರ್ ಡ್ರೈಯರಿನಿಂದ ಕಾಯಿಸಿದೆ. ಮೊದಲು 860 ಓಮ್ ಇತ್ತು. ಕಾದಂತೆ 900, 940, 980 ಎಂದು ಏರಿತು; ತಾಮ್ರ ಕಾದರೆ ಅದರ ರೋಧ ಹೀಗೆ ಏರುವುದು ಸಹಜ. 1,020ರ ಹತ್ತಿರ ಅಂಕಿ ಎರಡು ಸಲ ಹೊಯ್ದಾಡಿ, ಪರದೆಯ ಮೇಲೆ ತಂತಿ ತುಂಡಾಗಿದೆಯೆಂಬ ಗುರುತು ಬಂತು. ಡ್ರೈಯರ್ ಆರಿಸಿ ಕಾದೆ. ನಾಲ್ಕು ನಿಮಿಷಕ್ಕೆ ಅಂಕಿ ಮರಳಿ ಬಂತು. ಮತ್ತೆ ಕಾಯಿಸಿದೆ, ಮತ್ತೆ ಹೋಯಿತು. ಮೂರನೆಯ ಸಲಕ್ಕೆ ಮನೆಯವರನ್ನೂ ಕರೆದು ತೋರಿಸಿದೆ. ನನ್ನಷ್ಟು ಸಂಭ್ರಮ ಅವರಿಗಾಗಲಿಲ್ಲ. ಇದೆಲ್ಲ ಎರಡು ತಂತಿಯ ಸೆನ್ಸರಿನ ಮಾತು. ಸುರುಳಿಯ ಬದಲು ಎಲೆಕ್ಟ್ರಾನಿಕ್ ಬಿಲ್ಲೆಯಿಂದ ಕೆಲಸ ಮಾಡುವ ಮೂರು ತಂತಿಯ ಹಾಲ್ (Hall) ಸೆನ್ಸರನ್ನು ಓಮ್ ಅಳೆದು ಪರೀಕ್ಷಿಸಬಾರದು. ಅದಕ್ಕೆ ಕರೆಂಟ್ ಮತ್ತು ಅರ್ಥ್ ಬರುತ್ತಿವೆಯೇ ಎಂದು ನೋಡಿ, ಮೂರನೆಯ ತಂತಿಯಲ್ಲಿ ಸಂಕೇತ ಬಡಿಯುತ್ತಿದೆಯೇ ಎಂದು ನೋಡಬೇಕು.

ಈ ಹುಡುಕಾಟದ ನಡುವೆ ತಳ್ಳಿಹಾಕಿದ ಕಾರಣಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳಬೇಕೆನ್ನಿಸುತ್ತದೆ. ನನ್ನ ಕೀಲಿಗೊಂಚಲಿನಲ್ಲಿ ಮನೆ, ಕಚೇರಿ, ಕಪಾಟಿನ ಕೀಲಿಗಳ ಜೊತೆ ಸಿದ್ಧಾರೂಢ ಮಠದಿಂದ ತಂದ ಹಿತ್ತಾಳೆಯ ಬಿಲ್ಲೆಯೂ ತೂಗುತ್ತಿತ್ತು. ಮಿಸ್ತ್ರಿ ಮೊದಲು ಅದನ್ನೆಲ್ಲ ಬಿಚ್ಚಿಸಿದರು. 2014ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸುಮಾರು 26 ಲಕ್ಷ ಕಾರುಗಳನ್ನು ಮರಳಿ ಕರೆಸಿಕೊಳ್ಳಬೇಕಾಗಿ ಬಂದದ್ದು ಇಂಥದೇ ವಿಷಯಕ್ಕೆ: ಇಗ್ನಿಷನ್ ಸ್ವಿಚ್ಚಿನ ಹಿಡಿತ ಸಾಲದೆ, ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಕೀಲಿ ಜಾರಿ, ಓಡುತ್ತಿದ್ದ ಗಾಡಿಯ ಎಂಜಿನ್ ಆರುತ್ತಿತ್ತು, ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಬಿಲ್ಲೆ ಈಗ ದೇವರ ಜಗಲಿಯ ಮೇಲಿದೆ.

ಸಾವಿರದ ನಾಲ್ಕುನೂರು ರೂಪಾಯಿಯ ಹೊಸ ಸೆನ್ಸರ್ ಕೂಡಿಸಿದ ಮೇಲೆ ಮೇ ತಿಂಗಳ ಉರಿಬಿಸಿಲನ್ನೆಲ್ಲ ಗಾಡಿ ಒಂದು ಸಲವೂ ನಿಲ್ಲದೆ ದಾಟಿತು. ಜೂನ್‌ನಲ್ಲಿ, ಮಿರಗದ ಮಳೆ ಬಿದ್ದು ಹವೆ ತಂಪಾಗಿದ್ದ ಒಂದು ಬೆಳಿಗ್ಗೆ, ನವನಗರದ ಒಳರಸ್ತೆಯ ಗುಂಡಿಯೊಂದರಲ್ಲಿ ಇಳಿದೆದ್ದ ಕೂಡಲೇ ಮುಳ್ಳು ಮತ್ತೆ ಸೊನ್ನೆಗೆ ಬಿತ್ತು. ಈ ಸಲ ನಾನು ಮುಳ್ಳನ್ನೇ ನೋಡುತ್ತಿದ್ದೆ. ಮರುಕ್ಷಣವೇ ಶುರುವಾಯಿತು. ಬಿಸಿ ಇಲ್ಲ, ಕಾಯುವುದಿಲ್ಲ, ಕುಲುಕಿದರೆ ಮಾತ್ರ ನಿಲ್ಲುತ್ತದೆ: ಅದೇ ತಂತಿಯ ದಾರಿಯಲ್ಲಿ ಬೇರೊಂದು ಬೇನೆ. ಮಿಸ್ತ್ರಿ ಎಂಜಿನ್ ಓಡುತ್ತಿರುವಂತೆಯೇ ಸೆನ್ಸರಿನಿಂದ ಮೇಲೆ ಬರುವ ವೈರನ್ನು ಎರಡು ಬೆರಳಿನಿಂದ ಗೇಣು ಗೇಣಾಗಿ ಅಲ್ಲಾಡಿಸುತ್ತಾ ಹೋದರು. ಕನೆಕ್ಟರಿನ ಹತ್ತಿರ ಬೆರಳು ಬಂದಾಗ ಎಂಜಿನ್ ಗಪ್ ಎಂದಿತು. ಹಳೆಯ ಸೆನ್ಸರ್ ಬಿಚ್ಚುವಾಗ ಬಿಸಿಗೆ ಪೆಡಸಾಗಿದ್ದ ಕನೆಕ್ಟರಿನ ಕೊಕ್ಕೆ ಮುರಿದಿತ್ತು, ಹಿಂದಿನ ತಂತಿಯ ಮೇಲುಹೊದಿಕೆ ಮುಟ್ಟಿದರೆ ಹಪ್ಪಳದಂತೆ ಉದುರುತ್ತಿತ್ತು. ಬಿಚ್ಚಿದವನು ನಾನೇ. ಹೊಸ ಕನೆಕ್ಟರ್ ಹಾಕಿ, ಬೆಸುಗೆ ಕೊಟ್ಟು, ಶಾಖ ತಡೆಯುವ ಕೊಳವೆ ತೊಡಿಸಿ, ವೈರನ್ನು ಎಕ್ಸಾಸ್ಟಿನಿಂದ ದೂರಕ್ಕೆ ಎಳೆದು ಕಟ್ಟಿದರು. ಅಂದಿನಿಂದ ಇಂದಿನವರೆಗೆ ಗಾಡಿ ದಾರಿಯಲ್ಲಿ ನಿಂತಿಲ್ಲ.

ಮೊದಲು ಬಿಚ್ಚಿಸಿದ್ದ ಪೆಟ್ರೋಲ್ ಪಂಪನ್ನೂ ಬೆಟಗೇರಿಗೆ ಒಯ್ದು ಪರೀಕ್ಷೆ ಮಾಡಿಸಿದೆ. ಒತ್ತಡ ಮೂರೂವರೆ ಬಾರ್, ಒಂದು ಹನಿ ಸೋರಿಕೆಯಿಲ್ಲ. "ಇನ್ನೂ ಐದ್ ವರ್ಷ ಓಡ್ತಿತ್ತಲ್ರಿ ಇದು" ಎಂದು ಮಿಸ್ತ್ರಿ ಅದನ್ನು ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ನನ್ನ ಕೈಗೆ ಮರಳಿ ಕೊಟ್ಟರು.