ಇದು ದಿನಕ್ಕೆ ಎಷ್ಟು ಮುಂದೆ ಓಡುತ್ತೆ?

ಕಳೆದ ಭಾನುವಾರ ಮಾವ ಮನೆಗೆ ಬಂದಿದ್ದರು. ಹಾಲ್‌ನ ಗೋಡೆ ಮೇಲೆ ನಾನೇ ಮಾಡಿದ ಡಿಜಿಟಲ್ ಗಡಿಯಾರ ಇದೆ. ಬಂದವರೆಲ್ಲ ಕೆಂಪು ಅಂಕಿ ನೋಡಿ ಚೆನ್ನಾಗಿದೆ ಅಂತಾರೆ, ಎಷ್ಟು ಖರ್ಚಾಯ್ತು ಅಂತ ಕೇಳ್ತಾರೆ. ಮಾವ ಹಾಗೆ ಏನೂ ಹೇಳಲಿಲ್ಲ. ಕಾಫಿ ಲೋಟ ಹಿಡಿದುಕೊಂಡೇ ಅದರ ಮುಂದೆ ನಿಂತರು. ಕೈಯಲ್ಲಿದ್ದ ವಾಚ್ ನೋಡಿದರು, ಮತ್ತೆ ಗೋಡೆ ನೋಡಿದರು.

"ಅಳಿಯಂದ್ರೇ, ಇದು ದಿನಕ್ಕೆ ಎಷ್ಟು ಮುಂದೆ ಓಡುತ್ತೆ?"

ನನಗೆ ಗೊತ್ತಿರಲಿಲ್ಲ. ಹತ್ತು ದಿನದ ಹಿಂದೆ ಮೊಬೈಲ್ ನೋಡಿ ಟೈಮ್ ಇಟ್ಟಿದ್ದೆ, ಅಷ್ಟೇ. ಈಗ ಮೊಬೈಲ್ ಪಕ್ಕಕ್ಕೆ ಹಿಡಿದರೆ 40 ಸೆಕೆಂಡ್ ಮುಂದೆ ಇತ್ತು. ಅಂದ್ರೆ ದಿನಕ್ಕೆ 4.

"ಕ್ರಿಸ್ಟಲ್‌ಗೆ ಏನು ಕೆಪಾಸಿಟರ್ ಹಾಕಿದೀರಿ?" ಕ್ರಿಸ್ಟಲ್ ಅಂದ್ರೆ ಒಂದೇ ಲಯದಲ್ಲಿ ಕಂಪಿಸಿ ಗಡಿಯಾರವನ್ನು ಓಡಿಸುವ ಕ್ವಾರ್ಟ್ಜ್ ಹರಳು. ಕೆಪಾಸಿಟರ್ ಅಂದ್ರೆ ಅದರ ಜೊತೆ ಹಾಕುವ, ವಿದ್ಯುತ್ ಹಿಡಿದಿಡುವ ಚಿಕ್ಕ ಬಿಡಿಭಾಗ; ಅದರ ಅಳತೆ ಪಿಕೋಫ್ಯಾರಡ್‌ನಲ್ಲಿ.

"22 ಪಿಕೋಫ್ಯಾರಡ್. ಎರಡು."

"ಯಾಕೆ 22?"

"ಎಲ್ಲರೂ ಅದನ್ನೇ ಹಾಕ್ತಾರೆ ಮಾವ."

"ಎಲ್ಲರ ಕ್ರಿಸ್ಟಲ್ಲೂ ಒಂದೇನಾ?"

ಬೈದು ಹೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳೋಕೆ ಕೇಳಿದಂತಿತ್ತು. ಅದಕ್ಕೇ ಆ ಮಾತು ವಾರವೆಲ್ಲ ತಲೆಯಲ್ಲಿ ಉಳಿಯಿತು.

ಮಾವ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಇದ್ದವರು. 1978ರಲ್ಲಿ ಶುರುವಾದ ಕಾರ್ಖಾನೆ, ಆಮೇಲೆ ಜಪಾನಿನ ಸಿಟಿಜನ್ ಜೊತೆ ಸೇರಿ ಕ್ವಾರ್ಟ್ಜ್ ವಾಚ್ ಕೂಡ ಮಾಡಿತು. ಮದುವೆಯಾಗಿ ಇಷ್ಟು ವರ್ಷವಾದರೂ ಅವರ ಕೆಲಸದ ಬಗ್ಗೆ ನಾನು ಒಂದು ಮಾತು ಕೇಳಿರಲಿಲ್ಲ. ಹಳೇ ಕ್ವಾರ್ಟ್ಜ್ ವಾಚುಗಳ ಒಳಗೆ ಟ್ರಿಮ್ಮರ್ ಅಂತ ಚಿಕ್ಕ ಕೆಪಾಸಿಟರ್ ಇರ್ತಿತ್ತಂತೆ. ಅದರ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದರೂ ವಾಚಿನ ಓಟ ಬದಲಾಗುತ್ತೆ. ಹೇಳ್ತಾ ಹೇಳ್ತಾ ಅವರ ಹೆಬ್ಬೆರಳು, ತೋರುಬೆರಳು ಗಾಳಿಯಲ್ಲೇ ಆ ಸ್ಕ್ರೂ ತಿರುಗಿಸುತ್ತಿದ್ದವು.

ರಾತ್ರಿ ಕ್ರಿಸ್ಟಲ್‌ನ ಡೇಟಾಶೀಟ್, ಅಂದ್ರೆ ತಯಾರಿಸಿದವರು ಕೊಡುವ ವಿವರದ ಹಾಳೆ, ಹುಡುಕಿ ತೆಗೆದೆ. 16 ಮೆಗಾಹರ್ಟ್ಜ್, ಲೋಡ್ (ಕ್ರಿಸ್ಟಲ್‌ಗೆ ಹೊರಗಿನಿಂದ ಸಿಗಬೇಕಾದ ಒಟ್ಟು ಕೆಪಾಸಿಟನ್ಸ್) 20 ಪಿಕೋಫ್ಯಾರಡ್. ಡಬ್ಬಿಯ ಮೇಲೆ 16.000 ಅಂತ ಮಾತ್ರ ಇರುತ್ತೆ, ಈ 20 ಇರಲ್ಲ. 20 ಪಿಕೋಫ್ಯಾರಡ್ ಲೋಡ್ ಸಿಕ್ಕರೆ ಮಾತ್ರ ನಾನು ಸರಿಯಾಗಿ 16 ಮೆಗಾಹರ್ಟ್ಜ್‌ನಲ್ಲಿ ಓಡ್ತೀನಿ ಅಂತ ಆ ಕ್ರಿಸ್ಟಲ್ ಹೇಳ್ತಿದೆ.

ನಾನು ಕೊಟ್ಟಿದ್ದೆಷ್ಟು? ಕ್ರಿಸ್ಟಲ್‌ನ ಒಂದೊಂದು ಕಾಲಿನಿಂದ ಗ್ರೌಂಡ್‌ಗೆ ಒಂದೊಂದು ಕೆಪಾಸಿಟರ್. ಕ್ರಿಸ್ಟಲ್‌ನ ಲೆಕ್ಕದಲ್ಲಿ ಇವೆರಡೂ ಸೀರೀಸ್‌ನಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಇವೆ; ಹಾಗಿದ್ದಾಗ ಒಟ್ಟು ಬೆಲೆ ಕೂಡಲ್ಲ, ಕಮ್ಮಿಯಾಗುತ್ತೆ. ಹಾಗಾಗಿ 22 ಮತ್ತು 22 ಸೇರಿದರೆ 44 ಅಲ್ಲ, 11. ಬೋರ್ಡಿನ ತಾಮ್ರದ ಗೆರೆ, ಚಿಪ್ಪಿನ ಪಿನ್ನು ಇವುಗಳಿಂದ ತಾನಾಗೇ ಸೇರುವುದು ಸುಮಾರು 5. ಒಟ್ಟು 16. ಬೇಕಿದ್ದದ್ದು 20. ಲೋಡ್ ಕಮ್ಮಿಯಾದರೆ ಕ್ರಿಸ್ಟಲ್ ಜೋರಾಗಿ ಓಡುತ್ತೆ, ಜಾಸ್ತಿಯಾದರೆ ನಿಧಾನ. ನನ್ನ 4 ಸೆಕೆಂಡ್ ಅಲ್ಲಿತ್ತು.

20ರಲ್ಲಿ 5 ಕಳೆದರೆ 15, ಎರಡರಿಂದ ಗುಣಿಸಿದರೆ 30. ಒಂದೊಂದು ಕೆಪಾಸಿಟರೂ ಅಷ್ಟಿರಬೇಕು. ಡಬ್ಬದಲ್ಲಿ 30 ಇರಲಿಲ್ಲ, 27 ಮತ್ತು 33 ಇದ್ದವು. ಒಂದು ಕಡೆ 27, ಇನ್ನೊಂದು ಕಡೆ 33 ಹಾಕಿದರೆ ಸೀರೀಸ್‌ನಲ್ಲಿ 14.85, ಬೇಕಿದ್ದ 15ರ ಹತ್ತಿರವೇ. ಇದು ಹೊಳೆದಾಗ ಆದ ಖುಷಿ ಹೇಳತೀರದು. ಎರಡೂ ಎನ್‌ಪಿಒ ಜಾತಿಯವು, ಬಿಸಿಲಿಗೆ ಚಳಿಗೆ ಅಳತೆ ಬದಲಾಗದವು. ಸೋಮವಾರ ಬೆಳಿಗ್ಗೆ ಹಳೆಯವನ್ನು ಬಿಚ್ಚಿ ಇವನ್ನು ಬೆಸುಗೆ ಹಾಕಿದೆ.

ಇಂಟರ್‌ನೆಟ್‌ನಲ್ಲಿ ಪಾಠ ಮಾಡುವವರ ಮೇಲೆ ನನಗೆ ಬೇಜಾರಿದೆ. "ಇಲ್ಲಿ 22 ಹಾಕಿ" ಅಂತ ಹೇಳಿ ಮುಂದಕ್ಕೆ ಹೋಗ್ತಾರೆ. ಎಲ್‌ಇಡಿ ದೀಪ ಮಿನುಗಿಸೋಕೆ ಅದು ಸಾಕು. ಗಡಿಯಾರಕ್ಕೆ ಸಾಲದು. ಡೇಟಾಶೀಟ್ ನೋಡಿ ಅಂತ ಒಂದೇ ಒಂದು ಮಾತು ಸೇರಿಸಿದ್ದರೆ ಎಷ್ಟು ಜನ ಹುಡುಗರಿಗೆ ಉಪಕಾರವಾಗ್ತಿತ್ತು.

ಆದರೆ ಅದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನ 2016ರಲ್ಲಿ ಆಯ್ತು. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೋಗೆ ಸೇರಿದೆ, ಒಳ್ಳೆಯದೇ. ಅಲ್ಲಿ ದುಡಿದ ಜನ ಮಾತ್ರ ಇನ್ನೂ ಇದೇ ಊರಿನ ಬೀದಿಗಳಲ್ಲಿದ್ದಾರೆ. ಬೆಳಿಗ್ಗೆ ವಾಕಿಂಗ್ ಹೋಗ್ತಾರೆ, ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಡ್ತಾರೆ. ಗಡಿಯಾರ ಕಂಡ ಕೂಡಲೇ ದಿನಕ್ಕೆ ಎಷ್ಟು ಅಂತ ಕೇಳುವ ಅಭ್ಯಾಸ ಅವರ ಮೈಯಲ್ಲೇ ಇದೆ. ನಾನು ಬಿಡಿಭಾಗಕ್ಕೆ ಅಂತ ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಅಂಗಡಿ ಅಂಗಡಿ ವಿಚಾರಿಸಿದ್ದೀನಿ. ಮಾವನ ಮನೆ ಇರೋದು ನಮ್ಮಿಂದ ನಾಲ್ಕು ಬೀದಿ ಆಚೆ. ನನ್ನ ಬಾಮೈದನೂ ಎಂಜಿನಿಯರೇ, ಒಳ್ಳೆ ಹುಡುಗ. ಅಪ್ಪನನ್ನು ಅವನೂ ಕೇಳಿಲ್ಲ.

ನಿನ್ನೆ ಶನಿವಾರ ಮಾವ ಮತ್ತೆ ಬಂದರು. ಮೊಬೈಲ್ ಪಕ್ಕ ಹಿಡಿದು ನೋಡಿದೆವು. ಐದು ದಿನಕ್ಕೆ ಎರಡು ಸೆಕೆಂಡ್ ಮುಂದೆ. ನಾನು ಅವರ ಮುಖ ನೋಡಿದೆ. ಅವರು ಸ್ವಲ್ಪ ಹೊತ್ತು ಗಡಿಯಾರವನ್ನೇ ನೋಡ್ತಾ ನಿಂತರು.

"ಪರವಾಗಿಲ್ಲ," ಅಂದರು. "ಚಳಿ ಶುರುವಾಗಲಿ, ಇನ್ನೊಂದ್ಸಲ ನೋಡೋಣ. ಕ್ರಿಸ್ಟಲ್ ಚಳಿಗೆ ಬೇರೆ ಥರ ಓಡುತ್ತೆ."